ಆರು ತಿಂಗಳ ಹಿಮದಡಿ ಪೈಕಾ: ನೀರು ಎಲ್ಲಿಂದ, ಶಾಖ ಎಲ್ಲಿಂದ?

ಪ್ರಶ್ನೆ: ಮೇ ತಿಂಗಳಲ್ಲಿ ಉತ್ತರಾಖಂಡದ ತುಂಗನಾಥದಿಂದ ಚಂದ್ರಶಿಲೆಗೆ ಹತ್ತುವಾಗ ಬಂಡೆಗಳ ಸಂದಿಯಲ್ಲಿ ಬಾಲವಿಲ್ಲದ, ದುಂಡುದುಂಡಾದ ಇಲಿಯಂಥ ಪ್ರಾಣಿ ಕಂಡೆವು. ಅದು ವರ್ಷವಿಡೀ ಅಲ್ಲೇ ಇರುತ್ತದೆ, ಚಳಿಗಾಲದಲ್ಲೂ ನಿದ್ದೆಗೆ ಜಾರುವುದಿಲ್ಲ ಎಂದು ಗೈಡ್ ಹೇಳಿದರು. ಸುತ್ತಲಿನ ನೀರೆಲ್ಲ ಹೆಪ್ಪುಗಟ್ಟಿದಾಗ ಅದು ಕುಡಿಯುವುದೇನು? ಅಷ್ಟು ಪುಟ್ಟ ಮೈ ತಣ್ಣಗಾಗಿ ಸಾಯುವುದಿಲ್ಲವೇ? ಲಡಾಖಿನ ಮಾರ್ಮಾಟ್ (ಬಿಲ ತೋಡಿ ಬದುಕುವ, ಅಳಿಲಿನ ಕುಟುಂಬದ ದೊಡ್ಡ ಪ್ರಾಣಿ) ಮಾತ್ರ ಏಕೆ ಮಲಗುತ್ತದೆ? ಇವಕ್ಕೆ ಬಿಸ್ಕತ್ತು ಹಾಕಿದರೆ ತಪ್ಪೇನು?

ಉತ್ತರ: ನೀವು ನೋಡಿದ್ದು ರಾಯ್ಲ್ ಪೈಕಾ. ನೋಟಕ್ಕೆ ಇಲಿ, ಆದರೆ ಮೊಲದ ಗಣದ ಪ್ರಾಣಿ. ನಮ್ಮ ಹೊಲದ ಬದುವಿನಲ್ಲಿ ಓಡುವ ಮೊಲಕ್ಕೆ ದೂರದ ದಾಯಾದಿ. ಗೈಡ್ ಹೇಳಿದ್ದು ಪೂರ್ತಿ ನಿಜ. ಪೈಕಾಗಳಲ್ಲಿ ಯಾವ ಜಾತಿಯೂ ಶಿಶಿರನಿದ್ರೆಗೆ ಹೋಗುವುದಿಲ್ಲ. ನೀವು ನೀರಿನ ಬಗ್ಗೆ ಒಂದು, ಶಾಖದ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದ್ದೀರಿ. ಆದರೆ ಎತ್ತರದ ಬೆಟ್ಟದಲ್ಲಿ ಅವೆರಡನ್ನೂ ಬಿಡಿಸಿ ನೋಡಲಾಗುವುದಿಲ್ಲ. ಮೈಯಿಂದ ಒಂದು ಗ್ರಾಂ ನೀರು ಆವಿಯಾಗಿ ಹೋದರೆ ಅದರ ಜತೆ ಸುಮಾರು 2.4 ಕಿಲೋಜೂಲ್ ಶಾಖವೂ ಹೋಗುತ್ತದೆ. ನೀರು ಉಳಿಸಿದ ಪ್ರಾಣಿ ಆಹಾರವನ್ನೂ ಉಳಿಸಿತು ಎಂದೇ ಅರ್ಥ.

ಮೊದಲು ಖರ್ಚು ಎಷ್ಟೆಂದು ನೋಡೋಣ. ಪ್ರಾಣಿ ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಅಷ್ಟೂ ಕಡೆಯಿಂದ ಶಾಖ ಸೋರುತ್ತದೆ. ಸುಮ್ಮನೆ ಮಲಗಿರುವ ಸಸ್ತನಿಗೆ ದಿನಕ್ಕೆ ಬೇಕಾಗುವ ಶಕ್ತಿಯನ್ನು ಕ್ಲೈಬರ್ ಸೂತ್ರದಿಂದ ಅಂದಾಜಿಸುತ್ತಾರೆ. 60 ಕಿಲೋ ತೂಕದ ಮನುಷ್ಯನಿಗೆ ಕಿಲೋಗೆ 25 ಕಿಲೋಕ್ಯಾಲರಿ ಸಾಕು, 150 ಗ್ರಾಂನ ಪೈಕಾಕ್ಕೆ ಅದೇ ಲೆಕ್ಕದಲ್ಲಿ ಕಿಲೋಗೆ 110 ದಾಟುತ್ತದೆ. ಅಮೆರಿಕದ ಪೈಕಾವನ್ನು ನಿಜವಾಗಿ ಅಳೆದಾಗ ಸೂತ್ರ ಹೇಳುವುದಕ್ಕಿಂತಲೂ ಶೇ. 40ರಷ್ಟು ಹೆಚ್ಚು ಬಂತು. ಅಂದರೆ 150 ಗ್ರಾಂನ ಪೈಕಾ ಏನೂ ಮಾಡದೆ ಕೂತರೂ ದಿನಕ್ಕೆ ಸುಮಾರು 100 ಕಿಲೋಜೂಲ್ (ಒಂದು ಕಿಲೋಕ್ಯಾಲರಿಗೆ 4.2 ಕಿಲೋಜೂಲ್) ಸುಡುತ್ತದೆ. ಓಡಾಟ, ಮೇವು, ಚಳಿ ಸೇರಿದರೆ ಇದರ ಎರಡು ಮೂರು ಪಟ್ಟು.

ಇಷ್ಟು ಗೊತ್ತಾದರೆ ಪೈಕಾ ಏಕೆ ಮಲಗುವುದಿಲ್ಲ, ಮಾರ್ಮಾಟ್ ಏಕೆ ಮಲಗುತ್ತದೆ ಎಂಬುದು ಕೂಡುವ ಕಳೆಯುವ ಲೆಕ್ಕದಲ್ಲೇ ಅರ್ಧ ಬಿಡಿಸಿಕೊಳ್ಳುತ್ತದೆ. ಪೈಕಾದ ಮೈಯಲ್ಲಿ 30 ಗ್ರಾಂ ಕೊಬ್ಬಿದೆ ಎಂದು ಧಾರಾಳವಾಗಿಯೇ ಹಿಡಿಯೋಣ. ಗ್ರಾಂ ಕೊಬ್ಬಿಗೆ 39 ಕಿಲೋಜೂಲ್‌ನಂತೆ ಒಟ್ಟು 1,170. ಅಲುಗಾಡದೆ ಕೂತರೂ ಹನ್ನೆರಡು ದಿನಕ್ಕೆ ಖಾಲಿ, ಸಹಜವಾಗಿ ಓಡಾಡಿಕೊಂಡಿದ್ದರೆ ಐದು ದಿನಕ್ಕೇ ಖಾಲಿ. 5 ಕಿಲೋ ತೂಕದ ಮಾರ್ಮಾಟ್ ಒಂದೂವರೆ ಕಿಲೋ ಕೊಬ್ಬು ಹೊತ್ತುಕೊಂಡು ಬಿಲ ಸೇರುತ್ತದೆ. ಅದು 58,500 ಕಿಲೋಜೂಲ್, ದಿನದ ಖರ್ಚು ಸಾವಿರದ ಹತ್ತಿರ. ಎರಡು ತಿಂಗಳು ನಡೆಯುತ್ತದೆ. ಆದರೆ ಅಲ್ಲಿನ ಚಳಿಗಾಲ ಆರೇಳು ತಿಂಗಳು. ಹಾಗಾಗಿ ಮಾರ್ಮಾಟ್ ಕೊಬ್ಬು ಕೂಡಿಟ್ಟರಷ್ಟೇ ಸಾಲದು, ಮೈಯ ಬಿಸಿಯನ್ನೂ ಇಳಿಸಲೇಬೇಕು. ಪೈಕಾಕ್ಕಂತೂ ಕೊಬ್ಬನ್ನು ನೆಚ್ಚಿಕೊಳ್ಳುವ ದಾರಿಯೇ ಇಲ್ಲ. ಅದರ ಕಣಜ ಮೈಯ ಹೊರಗಿರಬೇಕು.

ಈಗ ಉಸಿರಿನ ವಿಷಯ. ಎತ್ತರದ ಪ್ರಾಣಿಗಳ ಬಗ್ಗೆ ಬರೆಯುವವರು ತುಪ್ಪಳದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಮೂಗನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಮೂಗಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. 4,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 57ರಷ್ಟು ಮಾತ್ರ. ಅಷ್ಟೇ ಆಮ್ಲಜನಕ ಬೇಕೆಂದರೆ ಹೆಚ್ಚುಕಡಿಮೆ ಎರಡರಷ್ಟು ಗಾಳಿಯನ್ನು ಒಳಗೆಳೆದು ಹೊರಬಿಡಬೇಕು. ಒಳಗೆ ಬರುವುದು ಕೊರೆಯುವ ಒಣಗಾಳಿ: ಮೈನಸ್ 10 ಡಿಗ್ರಿಯ ಗಾಳಿಯ ಒಂದು ಘನಮೀಟರಿನಲ್ಲಿ ಹೆಚ್ಚೆಂದರೆ ಎರಡೂವರೆ ಗ್ರಾಂ ನೀರಾವಿ ಇರಬಲ್ಲದು. ಶ್ವಾಸಕೋಶದಲ್ಲಿ ಅದು 38 ಡಿಗ್ರಿಗೆ ಕಾಯ್ದು ಪೂರ್ತಿ ಆರ್ದ್ರವಾದಾಗ ಘನಮೀಟರಿಗೆ 46 ಗ್ರಾಂ ಆವಿ ಹೊತ್ತಿರುತ್ತದೆ. ಅದನ್ನು ಹಾಗೇ ಹೊರಬಿಟ್ಟರೆ ಪ್ರತಿ ಉಸಿರೂ ನಷ್ಟ.

ಇದನ್ನು ತಡೆಯುವುದು ಮೂಗಿನೊಳಗಿನ ಸುರುಳಿ ಮೂಳೆಗಳು. ಪುಟ್ಟ ಸಸ್ತನಿಯ ಮೂತಿಯನ್ನು ಅಡ್ಡಕ್ಕೆ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಕಾಗದಕ್ಕಿಂತ ತೆಳುವಾದ ಎಲುಬಿನ ಹಾಳೆಗಳು ಸುತ್ತಿ ಮಡಚಿಕೊಂಡಿರುವುದು ಕಾಣುತ್ತದೆ. ಹಾಳೆ ಹಾಳೆಗಳ ನಡುವೆ ಮಿಲಿಮೀಟರಿಗೂ ಕಡಿಮೆ ಸಂದು, ಮೇಲೆಲ್ಲ ಒದ್ದೆ ಪೊರೆ. ಒಳಗೆ ಬರುವ ತಣ್ಣನೆಯ ಗಾಳಿ ಈ ಪೊರೆಯಿಂದ ಬಿಸಿಯನ್ನೂ ತೇವವನ್ನೂ ಎಳೆದುಕೊಂಡು ಹೋಗುತ್ತದೆ, ಹಾಗಾಗಿ ಮೂಗಿನ ತುದಿ ತಣ್ಣಗಾಗಿರುತ್ತದೆ. ಮರುಕ್ಷಣ ಶ್ವಾಸಕೋಶದಿಂದ ಬರುವ ಬಿಸಿ ಉಸಿರು ಅದೇ ತಣ್ಣನೆಯ ಪೊರೆಗೆ ತಗುಲಿದಾಗ, ಇಡ್ಲಿ ಪಾತ್ರೆಯ ಮುಚ್ಚಳದಡಿ ಹಬೆ ಹನಿಗಟ್ಟುವಂತೆ, ಆವಿ ನೀರಾಗಿ ಅಲ್ಲೇ ಉಳಿಯುತ್ತದೆ. ಬಿಸಿಯೂ ಪೊರೆಗೆ ಮರಳುತ್ತದೆ. ಇದನ್ನು ಮೊದಲು ವಿವರವಾಗಿ ಅಳೆದದ್ದು ಬೆಟ್ಟದ ಪ್ರಾಣಿಯಲ್ಲಲ್ಲ, ಅಮೆರಿಕದ ಮರುಭೂಮಿಯ ಕಾಂಗರೂ ಇಲಿಯಲ್ಲಿ. ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಜತೆಗಾರರು 1960ರ ದಶಕದಲ್ಲಿ ಮಾಡಿದ ಕೆಲಸ. ಮರುಭೂಮಿಯ ಉಪಾಯ ಹಿಮದ ಬೆಟ್ಟದಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಒಳಬರುವ ಗಾಳಿ ಅಷ್ಟು ತಣ್ಣಗಿರುತ್ತದೆ.

ಉಳಿತಾಯ ಎಷ್ಟು? ಒಂದು ಅಂದಾಜು ಲೆಕ್ಕ ಹಾಕೋಣ. ಪ್ರಾಣಿ ಒಂದು ಲೀಟರ್ ಆಮ್ಲಜನಕದಿಂದ ಅರ್ಧ ಗ್ರಾಂ ಕೊಬ್ಬು ಸುಡುತ್ತದೆ. ಆಗ ಸುಮಾರು 20 ಕಿಲೋಜೂಲ್ ಶಾಖ ಬರುತ್ತದೆ, ಜತೆಗೆ ಅರ್ಧ ಗ್ರಾಂಗಿಂತ ತುಸು ಹೆಚ್ಚು ನೀರೂ ಹುಟ್ಟುತ್ತದೆ (ಗ್ರಾಂ ಕೊಬ್ಬಿಗೆ 1.07 ಗ್ರಾಂ). ಎಳೆದ ಗಾಳಿಯ ಆಮ್ಲಜನಕದಲ್ಲಿ ಕಾಲು ಭಾಗವನ್ನು ಅದು ಹೀರಿಕೊಳ್ಳುತ್ತದೆ ಎಂದಿಟ್ಟುಕೊಂಡರೆ, 4,500 ಮೀಟರಿನಲ್ಲಿ ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 35 ಲೀಟರ್ ಗಾಳಿ ಆಡಿಸಬೇಕು. ಉಸಿರು 38 ಡಿಗ್ರಿಯಲ್ಲೇ ಹೊರಗೆ ಹೋದರೆ 1.6 ಗ್ರಾಂ ನೀರು ನಷ್ಟ, ಅಂದರೆ ಹುಟ್ಟಿದ್ದರ ಮೂರು ಪಟ್ಟು. ಮೂಗಿನಲ್ಲಿ 15 ಡಿಗ್ರಿಗೆ ತಣಿದು ಹೋದರೆ 0.45 ಗ್ರಾಂ. ಕೊಬ್ಬು ಸುಟ್ಟಾಗ ಬಂದ ನೀರೇ ಉಸಿರಿನ ನಷ್ಟಕ್ಕೆ ಸಾಕಾಗುತ್ತದೆ! ಉಳಿದ 1.15 ಗ್ರಾಂ ನೀರಿನ ಜತೆ 2.8 ಕಿಲೋಜೂಲ್ ಶಾಖವೂ ಉಳಿಯಿತು. 20ರಲ್ಲಿ 2.8 ಎಂದರೆ ಸುಮಾರು ಏಳನೇ ಒಂದು ಭಾಗ. ತಿನ್ನುವ ಪ್ರತಿ ಏಳು ತುತ್ತಿನಲ್ಲಿ ಒಂದನ್ನು ಮೂಗೇ ಉಳಿಸಿಕೊಡುತ್ತಿದೆ.

ಇನ್ನು ಕುಡಿಯುವ ನೀರು. ಬೇಸಿಗೆಯಲ್ಲಿ ಹಸಿ ಎಲೆಯೇ ನೀರು. ಚಳಿಗಾಲದಲ್ಲಿ ಹಿಮ ತಿನ್ನಬಹುದು, ಆದರೆ ಅದಕ್ಕೆ ಬೆಲೆ ತೆರಬೇಕು. ಮೈನಸ್ 10 ಡಿಗ್ರಿಯ ಒಂದು ಗ್ರಾಂ ಹಿಮವನ್ನು ಕರಗಿಸಿ ಮೈಯ ಬಿಸಿಗೆ ತರಲು 500 ಜೂಲ್‌ಗೂ ಹೆಚ್ಚು ಬೇಕು. ಕರಗಿದ, 0 ಡಿಗ್ರಿಯ ನೀರಾದರೆ 160ರಲ್ಲಿ ಮುಗಿಯುತ್ತದೆ. ಹತ್ತು ಗ್ರಾಂ ಹಿಮ ತಿಂದರೆ ಪೈಕಾದ ದಿನದ ಕನಿಷ್ಠ ಖರ್ಚಿನ ಶೇ. 5 ಅದಕ್ಕೇ ಹೋಯಿತು. ಹಾಗಾಗಿ ಹಿಮ ಸಿಗುತ್ತದೆ ಎಂದ ಮಾತ್ರಕ್ಕೆ ನೀರು ಪುಕ್ಕಟೆ ಸಿಕ್ಕಂತಲ್ಲ, ಮೊದಲೇ ಕಡಿಮೆ ಕಳೆದುಕೊಳ್ಳುವುದು ಲಾಭ. ಪೈಕಾ ಮೊಲದಂತೆ ಎರಡು ಬಗೆಯ ಮಲ ಹಾಕುತ್ತದೆ. ಒಂದು ಒಣಗಿದ ಗುಂಡು ಹಿಕ್ಕೆ, ಮೆಣಸಿನ ಕಾಳಿನ ಗಾತ್ರ. ಇನ್ನೊಂದು ಕುರುಡುಗರುಳಿನಿಂದ ಬರುವ ಮೆತ್ತನೆಯ, ಒದ್ದೆ ಮಲ. ಅದನ್ನು ಮತ್ತೆ ತಿನ್ನುತ್ತದೆ. ಕೇಳಲು ಅಸಹ್ಯವೆನಿಸಬಹುದು. ಆದರೆ ಸೂಕ್ಷ್ಮಜೀವಿಗಳು ತಯಾರಿಸಿದ ಪ್ರೋಟೀನು, ಬಿ ಜೀವಸತ್ವ, ನೀರು ಮೂರೂ ಹೀಗೆ ವಾಪಸು ಸಿಗುತ್ತವೆ. ಒಂದೇ ಹುಲ್ಲಿನಿಂದ ಎರಡು ಸಲ ಸಾರ ತೆಗೆದಂತಾಗುತ್ತದೆ. ಬಂಡೆಯ ಅಂಚಿನಲ್ಲಿ ಸುಣ್ಣ ಬಳಿದಂಥ ಬಿಳಿ ಕಲೆ ಕಂಡಿದ್ದರೆ ಅದು ಇವುಗಳ ಮೂತ್ರ ಒಣಗಿ ಉಳಿದದ್ದು. ಮೊಲದ ಗಣದವು ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಮೂತ್ರದಲ್ಲೇ ಹೊರಹಾಕುತ್ತವೆ.

ತುಪ್ಪಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಟ್ಟವಾಗಿದೆ, ಪಾದದ ಅಡಿಯೂ ಮುಚ್ಚಿದೆ, ಬಾಲವಿಲ್ಲದ್ದರಿಂದ ಒಂದು ಸೋರಿಕೆ ಕಡಿಮೆ. ಆದರೆ 150 ಗ್ರಾಂನ ಪ್ರಾಣಿ ಎಷ್ಟು ಉದ್ದದ ಕೂದಲು ಹೊತ್ತೀತು? ಕೂದಲು ಒಂದು ಮಿತಿ ದಾಟಿದರೆ ಕಾಲೇ ಆಡುವುದಿಲ್ಲ. ಆದ್ದರಿಂದ ಅದರ ನಿಜವಾದ ರಕ್ಷಣೆ ಮನೆಯಲ್ಲಿದೆ. ಬೆಟ್ಟದಿಂದ ಉರುಳಿ ಗುಡ್ಡೆಬಿದ್ದ ಬಂಡೆರಾಶಿಯ ಒಳಸಂದಿಗಳಲ್ಲಿ ಹಗಲಿನ ಬಿಸಿಯೂ ರಾತ್ರಿಯ ಚಳಿಯೂ ಮೇಲ್ಮೈಯಷ್ಟು ಏರಿಳಿಯುವುದಿಲ್ಲ. ಅದರ ಮೇಲೆ ಹಿಮ ಬಿದ್ದರಂತೂ ಇನ್ನೂ ಒಳ್ಳೆಯದು. ಹೊಸ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ, ನಿಂತ ಗಾಳಿ ಶಾಖವನ್ನು ಅಷ್ಟಾಗಿ ಸಾಗಿಸುವುದಿಲ್ಲ. ಒಂದೆರಡು ಅಡಿ ಹಿಮ ಕೂತ ಮೇಲೆ ಹೊರಗೆ ಮೈನಸ್ 20 ಇದ್ದರೂ ನೆಲದ ಮಟ್ಟದಲ್ಲಿ 0 ಡಿಗ್ರಿಯ ಆಸುಪಾಸೇ ಇರುತ್ತದೆ. ಗಾಳಿಯ ಹೊಡೆತವಿಲ್ಲ, ತೇವ ಹೆಚ್ಚು. ತೇವದ ಗಾಳಿ ಉಸಿರಾಡಿದರೆ ನೀರಿನ ನಷ್ಟವೂ ಇನ್ನಷ್ಟು ತಗ್ಗುತ್ತದೆ.

ಇಲ್ಲೇ ಎಡವಟ್ಟಾಗುವುದೂ. ಹಿಮ ಹೆಚ್ಚು ಬಿದ್ದರೆ ಪೈಕಾಕ್ಕೆ ಕಷ್ಟ ಎಂದು ಅನೇಕರು ತಿಳಿದಿದ್ದಾರೆ, ನಡೆಯುವುದು ತಿರುಗುಮುರುಗು. ಹಿಮ ತಡವಾಗಿ ಬಿದ್ದ, ತೆಳುವಾಗಿ ಬಿದ್ದ ವರ್ಷ ಚಳಿ ಸೀದಾ ಬಂಡೆಸಂದಿಗೆ ಇಳಿಯುತ್ತದೆ. ಹಿಮದ ಮೇಲೆ ಮಳೆ ಸುರಿದು ಮತ್ತೆ ಹೆಪ್ಪುಗಟ್ಟಿದರೆ ಗಾಳಿಯ ಜಾಗವನ್ನು ಮಂಜುಗಡ್ಡೆ ತುಂಬುತ್ತದೆ, ಶಾಖ ಸೋರತೊಡಗುತ್ತದೆ, ಮೇವಿನ ದಾರಿಯೂ ಮುಚ್ಚುತ್ತದೆ. ಜನ ತುಳಿದು ಗಟ್ಟಿಮಾಡಿದ ಹಿಮದ್ದೂ ಇದೇ ಕಥೆ. ಚಳಿಗಾಲದ ಚಾರಣಕ್ಕೆ ಹೋಗುವವರು ಬಂಡೆರಾಶಿಯ ಮೇಲೆ ಅಡ್ಡಾದಿಡ್ಡಿ ನಡೆಯದೆ ದಾರಿಯಲ್ಲೇ ನಡೆಯಬೇಕು ಎನ್ನುವುದಕ್ಕೆ ಕಾರಣ ಇದು.

ಮೈಯ ಹೊರಗಿನ ಕಣಜ ಎಂದೆನಲ್ಲ, ಅದರಲ್ಲಿ ಜಾತಿಗೊಂದು ಪದ್ಧತಿ. ಅಮೆರಿಕದ ಪೈಕಾ ಬೇಸಿಗೆಯ ಕೊನೆಯಲ್ಲಿ ಸಾವಿರಾರು ಸಲ ಓಡಾಡಿ ಬಂಡೆಯಡಿಯಲ್ಲಿ ಹುಲ್ಲು, ಹೂಗಿಡಗಳ ಬಣವೆ ಒಟ್ಟುತ್ತದೆ. ಯಾವ ಗಿಡವನ್ನು ಒಟ್ಟುತ್ತದೆ ಎನ್ನುವುದರಲ್ಲಿ ಜಾಣತನವಿದೆ. ಕೊಲರಾಡೊದ ಬೆಟ್ಟಗಳಲ್ಲಿ ಅದು ಫಿನಾಲ್ ಅಂಶ ಹೆಚ್ಚಿರುವ ಕಹಿ ಗಿಡಗಳನ್ನು ಆಗ ತಿನ್ನದೆ ಬಣವೆಗೆ ಒಯ್ಯುತ್ತದೆ. ಆ ರಾಸಾಯನಿಕವೇ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದು ಮೇವನ್ನು ಕೆಡದಂತೆ ಕಾಯುತ್ತದೆ, ತಿಂಗಳು ಕಳೆದಂತೆ ತಾನೂ ಕರಗುತ್ತದೆ. ಬಳಿಕ ಅದೇ ಗಿಡ ತಿನ್ನಲು ಯೋಗ್ಯ. ನೀವು ನೋಡಿದ ರಾಯ್ಲ್ ಪೈಕಾ ಮಾತ್ರ ಇಂಥ ದೊಡ್ಡ ಬಣವೆ ಒಟ್ಟುವ ಪೈಕಿಯದಲ್ಲ. ಅದು ಬಂಡೆಸಂದಿ, ಹಿಮದಡಿಯಲ್ಲಿ ಸಿಗುವ ಸೊಪ್ಪು, ಪಾಚಿ, ಬೇರುಗಳನ್ನು ಚಳಿಗಾಲದಲ್ಲೂ ಹುಡುಕಿ ತಿಂದು ದಿನ ದೂಡುತ್ತದೆ.

ಟಿಬೆಟ್ ಪ್ರಸ್ಥಭೂಮಿಯ ಪೈಕಾದ ದಾರಿ ಇನ್ನೂ ಬೇರೆ. ಅಲ್ಲಿ ಬಂಡೆರಾಶಿಯಿಲ್ಲ, ಬಟ್ಟಬಯಲು ಹುಲ್ಲುಗಾವಲು. ಚಳಿ ಮೈನಸ್ 30ರವರೆಗೆ ಇಳಿಯುತ್ತದೆ. ಜಾನ್ ಸ್ಪೀಕ್‌ಮನ್ ಮತ್ತು ಸಹೋದ್ಯೋಗಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಳಿಗಾಲದಲ್ಲಿ ಈ ಪೈಕಾಗಳ ದಿನದ ಖರ್ಚು ಬೇಸಿಗೆಗಿಂತ ಸುಮಾರು ಶೇ. 30 ಕಡಿಮೆ ಎಂದು ಕಂಡುಬಂತು. ಚಳಿ ಹೆಚ್ಚಿದರೆ ಖರ್ಚೂ ಹೆಚ್ಚಬೇಕಲ್ಲವೇ? ಇಲ್ಲಿ ಉಲ್ಟಾ. ಮೈ ಎಷ್ಟು ವೇಗವಾಗಿ ಶಕ್ತಿ ಸುಡಬೇಕೆಂದು ನಿಯಂತ್ರಿಸುವ ಥೈರಾಯ್ಡ್ ಹಾರ್ಮೋನು ಇಳಿಯುತ್ತದೆ, ಮೈಬಿಸಿ ಸ್ವಲ್ಪವೇ ತಗ್ಗುತ್ತದೆ, ಓಡಾಟ ಬಹಳ ಕಡಿಮೆಯಾಗುತ್ತದೆ. ಓಡಾಡದಿದ್ದರೆ ಮೇವು ಎಲ್ಲಿಂದ? ಯಾಕ್ ಸಗಣಿಯಿಂದ! ಹೊಟ್ಟೆಯಲ್ಲಿದ್ದ ಮೇವಿನಲ್ಲಿ ಯಾಕ್‌ನ ಡಿಎನ್‌ಎ ಸಿಕ್ಕಿದೆ. ಅರ್ಧ ಜೀರ್ಣವಾದ ಹುಲ್ಲು ಕಾಲಬುಡದಲ್ಲೇ ರಾಶಿ ಬಿದ್ದಿರುವಾಗ ದೂರ ಹೋಗುವ ಅಗತ್ಯವಿಲ್ಲ. ಬಿಲದಿಂದ ಹೊರಗೆ ಕಳೆಯುವ ಹೊತ್ತು ತಗ್ಗಿದಷ್ಟೂ ಚಳಿಯೂ ಕಡಿಮೆ, ಗಿಡುಗನ ಭಯವೂ ಕಡಿಮೆ. ಯಾಕ್ ಮತ್ತು ಪೈಕಾ ಮೇವಿಗಾಗಿ ಬರೀ ಪೈಪೋಟಿ ನಡೆಸುತ್ತವೆ ಎಂಬ ಹಳೆಯ ವಾದವನ್ನು ಈ ಒಂದು ಸಂಗತಿ ಸಾಕಷ್ಟು ಅಲುಗಾಡಿಸಿದೆ.

ಮಾರ್ಮಾಟ್ ಮಲಗಿದಾಗ ಏನಾಗುತ್ತದೆ ಎಂಬುದು ಯುರೋಪಿನ ಆಲ್ಪ್ಸ್ ಬೆಟ್ಟಗಳ ಮಾರ್ಮಾಟ್‌ಗಳಿಂದ ಚೆನ್ನಾಗಿ ತಿಳಿದಿದೆ, ಹಿಮಾಲಯದ್ದೂ ಅದೇ ಕುಲ. ಕುಟುಂಬವೆಲ್ಲ ಒಂದೇ ಕೋಣೆಗೆ ಸೇರುತ್ತದೆ, ಬಿಲದ ಬಾಯಿಗೆ ಮಣ್ಣು, ಕಲ್ಲು, ಹುಲ್ಲು ತುರುಕಿ ಬೆಣೆ ಹಾಕುತ್ತದೆ. ಮೈಬಿಸಿ ಬಿಲದ ಬಿಸಿಯ ಹತ್ತಿರಕ್ಕೆ, 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಗುಂಡಿಗೆ ನಿಮಿಷಕ್ಕೆ ಬೆರಳೆಣಿಕೆಯಷ್ಟು ಸಲ ಬಡಿಯುತ್ತದೆ. ಆದರೆ ಇದು ಆರು ತಿಂಗಳ ಒಂದೇ ನಿದ್ದೆಯಲ್ಲ. ಎರಡು ವಾರಕ್ಕೊಮ್ಮೆಯಂತೆ ಎಲ್ಲವೂ ಮೈ ಬಿಸಿಮಾಡಿಕೊಂಡು ಒಂದೆರಡು ದಿನ ಎಚ್ಚರಗೊಂಡು ಮತ್ತೆ ತಣಿಯುತ್ತವೆ. ಚಳಿಗಾಲದ ಕೊಬ್ಬಿನ ಹೆಚ್ಚಿನ ಪಾಲು ಸುಡುವುದು ಈ ಎಚ್ಚರಗಳಲ್ಲೇ. ದೊಡ್ಡವು ಮುಂಚೆ ಬಿಸಿಯಾದರೆ ಮರಿಗಳು ಅವುಗಳ ಮೈಗೆ ಅಂಟಿಕೊಂಡು ಅಗ್ಗದಲ್ಲಿ ಬಿಸಿಯಾಗುತ್ತವೆ. ಗುಂಪಿನಲ್ಲಿ ದೊಡ್ಡ ಗಂಡುಗಳಿದ್ದರೆ ಮರಿಗಳು ಬದುಕುವ ಪ್ರಮಾಣ ಹೆಚ್ಚು ಎಂಬುದು ದಾಖಲಾಗಿದೆ. ನೀರಿನ ವಿಷಯ ಇಲ್ಲಿ ಸರಳ. ಒಂದೂವರೆ ಕಿಲೋ ಕೊಬ್ಬು ಸುಟ್ಟರೆ 1.6 ಲೀಟರ್ ನೀರು ಮೈಯೊಳಗೇ ಹುಟ್ಟುತ್ತದೆ. ಉಸಿರಾಟ ತೀರ ವಿರಳ, ಮುಚ್ಚಿದ ಬಿಲದ ಗಾಳಿ ತೇವ, ಸುಡುವುದು ಪ್ರೋಟೀನಲ್ಲ ಕೊಬ್ಬಾದ್ದರಿಂದ ಯೂರಿಯಾ ಕಡಿಮೆ, ಮೂತ್ರಪಿಂಡಕ್ಕೆ ಕೆಲಸವೂ ಕಡಿಮೆ.

ಮಲಗದೆ, ಬಣವೆಯೂ ಒಟ್ಟದೆ ಸುಮ್ಮನೆ ಹೆಚ್ಚು ಉರಿಸಿಯೇ ಬದುಕುವವೂ ಇವೆ. ಅಮೆರಿಕದ ಜಿಂಕೆ ಇಲಿ ಎಂಬ 20 ಗ್ರಾಂನ ಪ್ರಾಣಿ ಕೊಲರಾಡೊದಲ್ಲಿ 4,300 ಮೀಟರ್‌ವರೆಗೂ ಇದೆ. ರಕ್ತದಲ್ಲಿ ಆಮ್ಲಜನಕ ಹೊರುವ ಅದರ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳ ಹೆಚ್ಚು, ನಡುಗುವಾಗ ಕೊಬ್ಬನ್ನೇ ಸುಡುತ್ತದೆ. 2020ರಲ್ಲಿ ಜೇ ಸ್ಟಾರ್ಜ್ ಮತ್ತು ಮಾರಿಯೊ ಪೆರೆಸ್ ಮಮಾನಿ ಚಿಲಿ-ಅರ್ಜೆಂಟೀನಾ ಗಡಿಯ ಯುಯ್ಯೈಯಾಕೊ ಜ್ವಾಲಾಮುಖಿಯ ತುದಿಯಲ್ಲಿ, 6,739 ಮೀಟರ್ ಎತ್ತರದಲ್ಲಿ, ಎಲೆಗಿವಿಯ ಇಲಿಯೊಂದನ್ನು ಜೀವಂತವಾಗಿ ಹಿಡಿದರು. ಅಲ್ಲಿ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕೂ ಕಡಿಮೆ, ಹುಲ್ಲಿನ ಎಸಳಿಲ್ಲ.

ಶಾಖ ಉಳಿಸುವ ಮೈಗೆ ಬೇಸಿಗೆಯಲ್ಲಿ ಅದೇ ಮೈ ಶತ್ರು. ಪೈಕಾದ ಸಹಜ ಮೈಬಿಸಿ 40 ಡಿಗ್ರಿ, 43 ಮುಟ್ಟಿದರೆ ಪ್ರಾಣಾಪಾಯ. ನಡುವೆ ಮೂರೇ ಡಿಗ್ರಿ. ಬಂಡೆಯಡಿಗೆ ಹೋಗಲು ಬಿಡದೆ ಬೋನಿನಲ್ಲಿಟ್ಟ ಅಮೆರಿಕದ ಪೈಕಾಗಳು 25ರಿಂದ 30 ಡಿಗ್ರಿಯ ಹವೆಯಲ್ಲೇ ಕೆಲವು ಗಂಟೆಗಳಲ್ಲಿ ಸತ್ತದ್ದು 1970ರ ದಶಕದ ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ಊರಿನ ಹಿತವಾದ ಬೆಳಗು ಅದಕ್ಕೆ ಮಾರಕ. ಬೆವರಿ, ಏದುಸಿರುಬಿಟ್ಟು ತಣಿಯಬಹುದಿತ್ತಲ್ಲ ಎಂದರೆ ಅದಕ್ಕೆ ನೀರು ಸುರಿಯಬೇಕು. ಆದ್ದರಿಂದ ಅದು ನಡುಹಗಲಲ್ಲಿ ಬಂಡೆಯಡಿ ಹೊಕ್ಕು ಕೂರುತ್ತದೆ. ತುಂಗನಾಥದಲ್ಲಿ ಪೈಕಾ ನೋಡಬೇಕೆಂದರೆ ಬೆಳಗ್ಗೆ ಬೇಗ ಅಥವಾ ಸಂಜೆ ಬಂಡೆರಾಶಿಯಿಂದ ಹತ್ತು ಹದಿನೈದು ಮೀಟರ್ ದೂರದಲ್ಲಿ ಅರ್ಧ ಗಂಟೆ ಅಲುಗಾಡದೆ ಕೂರಿ. ಹತ್ತಿರ ಹೋದರೆ ಅದು ಒಳಗೆ ಓಡುತ್ತದೆ, ಬೆಳಗಿನ ತಂಪಿನಲ್ಲಿ ಮೇಯಬೇಕಾದ ಹೊತ್ತು ಹೋಗುತ್ತದೆ, ಬಿಸಿಲೇರಿದ ಮೇಲೆ ಅದಕ್ಕೆ ಹೊರಗೆ ಬರಲಾಗುವುದಿಲ್ಲ. ಕಲ್ಲು ಕಿತ್ತು ಗೋಪುರ ಪೇರಿಸುವ ಚಟವನ್ನೂ ಬಿಡಿ. ನೀವು ಎತ್ತುವ ಕಲ್ಲು ಅದರ ಮಾಡಿನದ್ದು.

ಬಿಸ್ಕತ್ತು ಹಾಕಬೇಡಿ. ಲಡಾಖಿನ ಪ್ಯಾಂಗಾಂಗ್ ಸರೋವರದ ದಾರಿಯಲ್ಲಿ ಮಾರ್ಮಾಟ್‌ಗಳು ಕೈಯಿಂದಲೇ ಕಿತ್ತು ತಿನ್ನುವುದನ್ನು ಜನ ವಿಡಿಯೊ ಮಾಡುತ್ತಾರೆ. ಸಕ್ಕರೆ ಕೆಟ್ಟದ್ದು, ಉಪ್ಪು ನೀರಡಿಕೆ ಹೆಚ್ಚಿಸುತ್ತದೆ ಎಂಬುದು ಒಂದು ಕಡೆಗಿರಲಿ. ಶಿಶಿರನಿದ್ರೆಯ ಪ್ರಾಣಿಗೆ ಎಷ್ಟು ಕೊಬ್ಬು ಎಂಬುದರಷ್ಟೇ ಎಂಥ ಕೊಬ್ಬು ಎಂಬುದೂ ಮುಖ್ಯ. ಬೆಟ್ಟದ ಗಿಡಗಳಲ್ಲಿರುವ ಲಿನೋಲೆಯಿಕ್ ಆಮ್ಲದಂಥ ಬಹು ಅಪರ್ಯಾಪ್ತ ಕೊಬ್ಬು ಮೈಯಲ್ಲಿದ್ದರೆ ಅದು 5 ಡಿಗ್ರಿಯಲ್ಲೂ ಗಟ್ಟಿಯಾಗುವುದಿಲ್ಲ, ಜೀವಕೋಶದ ಪೊರೆಗಳೂ ಕೆಲಸ ಮಾಡುತ್ತವೆ. ಇಂಥ ಮೇವು ತಿಂದ ಪ್ರಾಣಿಗಳು ಹೆಚ್ಚು ತಣ್ಣಗೆ, ಹೆಚ್ಚು ಹೊತ್ತು ಮಲಗುತ್ತವೆ, ಕಡಿಮೆ ಸಲ ಎಚ್ಚರಗೊಳ್ಳುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಬಿಸ್ಕತ್ತಿನ ತಾಳೆ ಎಣ್ಣೆಯಲ್ಲಿ ಅರ್ಧದಷ್ಟು ಚಳಿಗೆ ಗಟ್ಟಿಯಾಗುವ ಪರ್ಯಾಪ್ತ ಕೊಬ್ಬು. ಆಗಸ್ಟಿನಲ್ಲಿ ಅದನ್ನು ತಿಂದು ದುಂಡಗಾದ ಮಾರ್ಮಾಟ್ ತೂಕದಲ್ಲಿ ಗೆದ್ದಂತೆ ಕಂಡರೂ ಜನವರಿಯಲ್ಲಿ ಬೇಗ ಬೇಗ ಎಚ್ಚರಗೊಂಡು ಕೊಬ್ಬು ಮುಗಿಸಿಕೊಳ್ಳುವ ಅಪಾಯವಿದೆ. ಮುಟ್ಟಲೂ ಹೋಗಬೇಡಿ: ಟಿಬೆಟ್ ಪ್ರಸ್ಥಭೂಮಿಯ ಚೀನಾ ಭಾಗದಲ್ಲಿ ಈ ಮಾರ್ಮಾಟ್‌ಗಳೇ ಪ್ಲೇಗ್ ರೋಗಾಣುವಿನ ಮುಖ್ಯ ಆಶ್ರಯ. ಮಂಕಾಗಿ ಕೂತ ಅಥವಾ ಸತ್ತು ಬಿದ್ದ ಮಾರ್ಮಾಟ್ ಕಂಡರೆ ದೂರವೇ ಉಳಿದು ವನ್ಯಜೀವಿ ಇಲಾಖೆಯವರಿಗೆ ತಿಳಿಸಿ.